ಬಚ್ಚಲ ಕೆಸುವೂ ಭೂಮಂಡಲದ ಹಸಿವೂ

ಭೂಮಂಡಲದ ಹಸಿವನ್ನೆಲ್ಲ ನೀಗಿಸುವ ಹೊಣೆ ಒಂದು ದಿನ ತಮ್ಮ ಹೆಗಲೇರುತ್ತದೆಂದು ಮಂಚಿಕೇರಿಯ ಶಾಂತಾರಾಮ ಗಾಂವ್ಕರರಿಗೆ ಯಾರೂ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಅವರು ಅವತ್ತು ಹರಿದ ಬನಿಯನ್ನಿನ ಮೇಲೆ ಒಂದು ಅಂಗಿಯನ್ನಾದರೂ ಹಾಕಿಕೊಂಡಿರುತ್ತಿದ್ದರು.

ಗಾಂವ್ಕರರದು ಶಾಮಿಯಾನದ ವ್ಯವಹಾರ. ಶಿರಸಿ-ಯಲ್ಲಾಪುರ ರಸ್ತೆಯ ಬದಿಗೆ ಮನೆ, ಮನೆಗೆ ತಾಗಿಕೊಂಡು ಗೋದಾಮು, ಗೋದಾಮಿನ ತುಂಬ ಕುರ್ಚಿ, ಕೊಪ್ಪರಿಗೆ, ಊಟದ ತಟ್ಟೆ. ಸುತ್ತಿನ ಊರುಗಳಲ್ಲಿ ಮದುವೆಯಾಗಲಿ, ಮುಂಜಿಯಾಗಲಿ, ವೈಕುಂಠ ಸಮಾರಾಧನೆಯಾಗಲಿ, ಗಾಂವ್ಕರರ ಕೆಂಪು-ಹಳದಿ ಬಟ್ಟೆ ತಲೆಯ ಮೇಲಿಲ್ಲದೆ ಉಂಡವರು ಕಡಿಮೆ. ಕೃಷಿಗೂ ಅವರಿಗೂ ಇದ್ದ ನಂಟೆಂದರೆ, ಕೃಷಿಮೇಳಗಳಿಗೆ ಶಾಮಿಯಾನ ಹೊಡೆದು, ಭಾಷಣ ಮುಗಿಯುವ ತನಕ ಗಾಳಿಗೆ ಬೀಳದಂತೆ ಕಂಬ ಹಿಡಿದುಕೊಂಡು ನಿಲ್ಲುವುದು. ಹಾಗೆ ನಿಂತು ನಿಂತು ಅವರಿಗೆ ಕೃಷಿಯ ಬಗ್ಗೆ ಭಾಷಣ ಮಾಡುವಷ್ಟು ತಿಳಿವಳಿಕೆ ಬಂದಿತ್ತು. ಹಾರೆ ಹಿಡಿಯುವಷ್ಟು ಬಂದಿರಲಿಲ್ಲ.

ಇಷ್ಟಕ್ಕೇ ಸುಮ್ಮನಿದ್ದರೆ ಗಾಂವ್ಕರರು ಸುಖವಾಗಿಯೇ ಇರುತ್ತಿದ್ದರು. ಆದರೆ ಅವರ ಹೆಂಡತಿಯ ಅಕ್ಕನ ಗಂಡ, ಸಿದ್ದಾಪುರದ ಆನಂದ ಹೆಗಡೆಯವರಿಗೆ ಆ ವರ್ಷ ಕಾಳುಮೆಣಸು ಬೆಳೆದದ್ದಕ್ಕೆ ‘ಪ್ರಗತಿಪರ ಕೃಷಿಕ’ ಎಂಬ ಪ್ರಶಸ್ತಿ ಬಂತು. ಸನ್ಮಾನ ನಡೆದದ್ದು ಗಾಂವ್ಕರರದೇ ಶಾಮಿಯಾನದ ಕೆಳಗೆ. ಆನಂದ ಹೆಗಡೆಯವರು ಕುಳಿತದ್ದು ಗಾಂವ್ಕರರದೇ ಸಿಂಹಾಸನದ ಕುರ್ಚಿಯ ಮೇಲೆ. ಶಾಲು ಹೊದೆಸುವಾಗ ಕಂಬ ಹಿಡಿದು ನಿಂತ ಷಡ್ಡಕನ ಕಡೆ ತಿರುಗಿ ಅವರು, “ಶಾಂತಾರಾಮಾ, ಫ್ಯಾನು ಸ್ವಲ್ಪ ಈ ಬದಿಗೆ ತಿರಗ್ಸೋ” ಎಂದಿದ್ದರು. ಗಾಂವ್ಕರರು ಫ್ಯಾನು ತಿರುಗಿಸಿದರು. ಅವತ್ತಿನಿಂದ ಅವರ ತಲೆಯೂ ತಿರುಗತೊಡಗಿತು.

ಮಳೆಗಾಲ ಹಿಡಿದ ಹೊಸತು. ಒಂದು ಮಧ್ಯಾಹ್ನ ಬಿಳಿ ಬಣ್ಣದ ದೊಡ್ಡ ಕಾರೊಂದು ಗಾಂವ್ಕರರ ಮನೆ ಮುಂದೆ ಗಕ್ಕನೆ ನಿಂತಿತು. ಇಳಿದವರು ಇಬ್ಬರು. ಒಬ್ಬಳು ಕಾವ್ಯಶ್ರೀ ಎಂಬ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ. ಇನ್ನೊಬ್ಬರು ಎತ್ತರದ ಬಿಳಿ ಹೆಂಗಸು, ಹೊಟ್ಟೆ ಹಿಡಿದುಕೊಂಡಿದ್ದರು.

“ಸರ್, ನಾವು ಗ್ಲೋಬಲ್ ಪ್ಲೇಟ್‌ನಿಂದ ಬಂದಿದೀವಿ,” ಎಂದಳು ಕಾವ್ಯಶ್ರೀ.

“ಪ್ಲೇಟಾ? ಆ ಕಂಪನೀದು ನಮ್ಮಲ್ಲಿ ಇಲ್ಲ ಮಾರಾಯ್ತಿ,” ಎಂದರು ಗಾಂವ್ಕರರು. “ಸ್ಟೀಲಿಂದು ಬೇಕಾದಷ್ಟು ಉಂಟು. ಊಟದ್ದು ಬೇಕಾ, ತಿಂಡೀದು ಬೇಕಾ?”

“ಅಲ್ಲ ಸರ್, ಗ್ಲೋಬಲ್ ಪ್ಲೇಟ್ ಅಂದ್ರೆ ಅಂತಾರಾಷ್ಟ್ರೀಯ ಸಂಸ್ಥೆ. ಪ್ರಪಂಚದಲ್ಲಿ ಯಾರೂ ಹಸಿದಿರಬಾರದು ಅಂತ ಕೆಲಸ ಮಾಡ್ತೀವಿ. ಇವರು ಡಾಕ್ಟರ್ ಇಂಗ್ರಿಡ್, ಆಹಾರ ಭದ್ರತೆ ತಜ್ಞರು. ಈಗ ಅರ್ಜೆಂಟಾಗಿ ಟಾಯ್ಲೆಟ್ ಬೇಕಿತ್ತು.”

ಶಿರಸಿಯಲ್ಲಿ ಯಾರೋ ಆ ತಜ್ಞರಿಗೆ ಸ್ಥಳೀಯ ಆಹಾರದ ಪರಿಚಯ ಮಾಡಿಸಿದ್ದರು. ಪರಿಚಯ ಸ್ವಲ್ಪ ಗಾಢವಾಗಿಬಿಟ್ಟಿತ್ತು.

ಗಾಂವ್ಕರರ ಸಂಡಾಸು ಮನೆಯ ಹಿಂದೆ, ಬಚ್ಚಲಿನ ಪಕ್ಕ. ಬಚ್ಚಲ ನೀರು ಹೋಗುವ ಗಟಾರದುದ್ದಕ್ಕೂ ಕೆಸು ಬೆಳೆದಿತ್ತು. ಬೆಳೆದಿತ್ತು ಎಂದರೆ ಯಾರೂ ಬೆಳೆಸಿದ್ದಲ್ಲ. ನಮ್ಮ ಸೀಮೆಯಲ್ಲಿ ಎಲ್ಲಿ ನೀರು ಹರಿಯುತ್ತದೋ ಅಲ್ಲಿ ಕೆಸು ಕರೆಯದೆ ಬರುತ್ತದೆ, ಹೋಗೆಂದರೆ ಹೋಗುವುದಿಲ್ಲ. ಸಂಡಾಸಿನಿಂದ ನಿರಾಳವಾಗಿ ಹೊರಬಂದ ಡಾಕ್ಟರ್ ಇಂಗ್ರಿಡ್ ಅವರಿಗೆ ಜಗತ್ತೇ ಸುಂದರವಾಗಿ ಕಾಣುತ್ತಿದ್ದ ಗಳಿಗೆ ಅದು. ಎದುರಿಗೆ ಆನೆಕಿವಿಯಷ್ಟು ದೊಡ್ಡ ಹಸಿರೆಲೆಗಳು. ಅವರು ಅಲ್ಲೇ ನಿಂತು ಪ್ರಶ್ನೆ ಕೇಳತೊಡಗಿದರು. ಕಾವ್ಯಶ್ರೀ ಕನ್ನಡಕ್ಕೆ ತಂದಳು.

“ಇದನ್ನ ತಿಂತೀರಾ ಅಂತ ಕೇಳ್ತಿದಾರೆ.”

“ತಿನ್ನದೆ ಮತ್ತೆ? ಕರಕಲಿ ಮಾಡ್ತಾರೆ, ಪತ್ರೊಡೆ ಮಾಡ್ತಾರೆ.”

“ಗೊಬ್ಬರ ಏನು ಹಾಕ್ತೀರಿ?”

“ಗೊಬ್ಬರ ಎಂತದೂ ಇಲ್ಲ.”

ಇದು ಇಂಗ್ಲಿಷಿಗೆ ಹೋದಾಗ ಬಹಳ ಉದ್ದವಾಯಿತು. ತಜ್ಞರ ಹುಬ್ಬು ಮೇಲೇರಿತು.

“ನೀರು?”

“ಮಿಂದ ನೀರು ಹೋಗ್ತದಲ್ಲ, ಅದೇ.”

ಇದು ಇನ್ನೂ ಉದ್ದವಾಯಿತು.

“ಯಾರು ನೋಡ್ಕೊಳ್ತಾರೆ?”

“ಯಾರೂ ಇಲ್ಲ. ಬೇಕಾದವರು ಬಂದು ಕೊಯ್ಕೊಂಡು ಹೋಗ್ತಾರೆ.”

ಕಾವ್ಯಶ್ರೀ ಇದನ್ನು ‘ಸಮುದಾಯದ ಸಾಮೂಹಿಕ ನಿರ್ವಹಣೆ’ ಎಂದು ಹೇಳಿದಳೆಂದು ಆಮೇಲೆ ತಿಳಿಯಿತು. ಡಾಕ್ಟರ್ ಇಂಗ್ರಿಡ್ ಅವರ ಕಣ್ಣಲ್ಲಿ ನೀರೇ ಬಂತು. ಅವರು ಗಾಂವ್ಕರರ ಎರಡೂ ಕೈ ಹಿಡಿದುಕೊಂಡು ಏನೋ ಕೇಳಿದರು.

“ನೀವು ಕೃಷಿಕರಾ ಅಂತ ಕೇಳ್ತಿದಾರೆ ಸರ್.”

ಇಲ್ಲ, ನನ್ನದು ಶಾಮಿಯಾನ ಎಂದು ಬಾಯಿ ತೆರೆದರು ಗಾಂವ್ಕರರು. ಆ ಹೊತ್ತಿಗೆ ಸರಿಯಾಗಿ ಅವರ ಕಣ್ಣಿಗೆ ಆನಂದ ಹೆಗಡೆಯವರ ಹೆಗಲ ಮೇಲಿನ ಶಾಲು ಕಟ್ಟಿತು.

“ಹೌದು,” ಎಂದರು. “ಇದರ ಮೇಲೆ ಸಂಶೋಧನೆ ಮಾಡ್ತಾ ಇದ್ದೇನೆ. ಬಹಳ ವರ್ಷದಿಂದ.”

ಕಾರು ಹೋದ ಮೇಲೆ ಒಳಗಿನಿಂದ ಹೆಂಡತಿ ಸುಬ್ಬಲಕ್ಷ್ಮಿ ಸೌಟು ಹಿಡಿದುಕೊಂಡೇ ಬಂದರು.

“ಹೋಯ್, ನಿಂಗೊಕ್ಕೆ ಎಂತ ಮಳ್ಳು ಹಿಡದ್ದಾ? ಆ ಹೆಂಗ್ಸು ಬಂದಿದ್ದು ಸಂಡಾಸಿಗೆ. ನಿಂಗ ಸಂಶೋಧನೆ ಹೇಳಿ ಕಥೆ ಕಟ್ಟಿ ಕಳಸಿದ್ರಲ್ಲ!”

“ಸುಳ್ಳು ಎಂತದೂ ಹೇಳಿದ್ನಿಲ್ಲೆ. ಕೆಸ ಅಲ್ಲೇ ಇದ್ದು. ಆನು ದಿನಾ ಹಲ್ಲು ತಿಕ್ಕಕಾದ್ರೆ ಅದನ್ನೇ ನೋಡದು. ನೋಡದು ಅಂದ್ರೇ ಸಂಶೋಧನೆ.”

ಸುಬ್ಬಲಕ್ಷ್ಮಿಯವರು ಸೌಟಿನ ಕಡೆ ಒಮ್ಮೆ, ಗಂಡನ ಕಡೆ ಒಮ್ಮೆ ನೋಡಿ, ಸಾರು ಕುದಿಯುತ್ತಿತ್ತೆಂದು ಒಳಗೆ ಹೋದರು.

ಅಂತಾರಾಷ್ಟ್ರೀಯ ಸಂಸ್ಥೆಗಳು ನಿಧಾನ ಎಂದು ದೂರುವವರು ಗ್ಲೋಬಲ್ ಪ್ಲೇಟಿನ ವೇಗವನ್ನು ನೋಡಬೇಕಿತ್ತು. ಆಷಾಢ ಮುಗಿಯುವುದರೊಳಗೆ ಬಚ್ಚಲ ಗಟಾರವು ‘ಮಂಚಿಕೇರಿ ಮಾದರಿ’ ಎಂಬ ಹೆಸರು ಪಡೆಯಿತು. ಗಾಂವ್ಕರರು ಕೆಸುವಿನ ಎಲೆಯನ್ನು ಕೊಡೆಯಂತೆ ಹಿಡಿದ ಫೋಟೋ ಯಾವುದೋ ದೇಶದ ಸಭೆಯ ಪರದೆಯ ಮೇಲೆ ಬಂತಂತೆ. ಆ ಫೋಟೋ ವಾಟ್ಸಾಪಿನಲ್ಲಿ ತಿರುಗಿ ಸಿದ್ದಾಪುರಕ್ಕೂ ಹೋಯಿತು. ಅಲ್ಲಿಂದ ಫೋನು ಬಂತು.

“ಶಾಂತಾರಾಮಾ, ನೀ ಕೃಷಿಕ ಆದ್ಯಡ?”

“ಹೌದು ಭಾವ.”

“ಕೆಸ ಬೆಳದ್ಯಡ?”

“ಹೌದು.”

“ನಮ್ಮನೆ ಕೊಟ್ಟಿಗೆ ಹಿಂದೆ ನಿಂಗಿಂತ ದೊಡ್ಡ ಇದ್ದು ಮಾರಾಯಾ,” ಎಂದರು ಆನಂದ ಹೆಗಡೆಯವರು. ದನಿಯಲ್ಲಿದ್ದ ಸಂಕಟವನ್ನು ಗಾಂವ್ಕರರು ಕಿವಿತುಂಬ ಕುಡಿದರು. ಬದುಕಿನಲ್ಲಿ ಅಷ್ಟು ರುಚಿಯಾದದ್ದನ್ನು ಅವರು ಹಿಂದೆ ಸೇವಿಸಿರಲಿಲ್ಲ.

ಆಮೇಲೆ ಬೇಲಿ ಬಂತು.

ಗಟಾರದ ಸುತ್ತ ಕಬ್ಬಿಣದ ಕಂಬ, ಹಸಿರು ತಂತಿಬಲೆ, ಒಂದು ಬೀಗ. ಮುಂದೆ ಬೋರ್ಡು: ‘ಜಾಗತಿಕ ಆಹಾರ ಭದ್ರತಾ ತಾಕು. ಎಲೆ ಕೊಯ್ಯಬಾರದು.’ ಅಳತೆ ಕೆಡಬಾರದೆಂದು ಒಂದು ಎಲೆಯನ್ನೂ ಮುಟ್ಟುವಂತಿಲ್ಲ ಎಂದು ಕಾವ್ಯಶ್ರೀ ಕೈಮುಗಿದು ಹೇಳಿ ಹೋದಳು.

ಮರುದಿನ ಬೆಳಿಗ್ಗೆ ಬೇಲಿಯ ಹೊರಗೆ ನಿಂತವಳು ನಾಗಿ. ಆಚೆಮನೆಯವಳು, ಗಾಂವ್ಕರರ ಹೆಂಡತಿಯ ವಾರಿಗೆಯವಳು, ನಾಲಿಗೆ ಮಾತ್ರ ಇನ್ನೂ ಹರೆಯದ್ದು. ಮಳೆಗಾಲದಲ್ಲಿ ಅವಳ ಮನೆಯ ಒಲೆಯ ಮೇಲೆ ಕೆಸುವಿನ ಸೊಪ್ಪಿನ ಪದಾರ್ಥ ಇಲ್ಲದ ದಿನವಿಲ್ಲ. ಅದಕ್ಕೆ ಒಣಮೀನು ಬಿದ್ದರೆ ಅವಳ ಗಂಡ ಬೀರ ಅನ್ನದ ಪಾತ್ರೆ ಬರಿದು ಮಾಡಿಯೇ ಏಳುತ್ತಿದ್ದ. ಸೊಪ್ಪು ಕೊಯ್ಯಲು ಬಂದಾಗಲೆಲ್ಲ ಅವಳು ಸುಬ್ಬಲಕ್ಷ್ಮಿಯವರಿಗೆ ಕಳಲೆಯನ್ನೋ ಅಣಬೆಯನ್ನೋ ತಂದು ಕೊಡುತ್ತಿದ್ದಳು. ಇವರು ಮಜ್ಜಿಗೆ ಕೊಡುತ್ತಿದ್ದರು. ಜೊತೆಗೆ ಊರಿನ ಸುದ್ದಿಯೂ ಅದಲುಬದಲಾಗುತ್ತಿತ್ತು.

“ಗಾಂವ್ಕರ್ರೇ, ಎಂತದ್ರಾ ಇದು? ಕೆಸಕ್ಕೆ ಯಾರಾರೂ ಬೇಲಿ ಹಾಕ್ತ್ರಾ? ದನ ಸಹ ಮೂಸೂದಿಲ್ಲ ಅದ್ನ.”

“ನಾಗೀ, ಇದು ಈಗ ಬರೀ ಕೆಸ ಅಲ್ಲ. ಜಗತ್ತಿನ ಆಹಾರ ಭದ್ರತೆ.”

“ಹಂಗಂದ್ರೆ?”

“ಎಲ್ಲರಿಗೂ ಉಣ್ಣೂಕೆ ಸಿಗೂ ಹಾಗೆ ಮಾಡೂದು.”

“ನಂಗೆ ನಿನ್ನೆ ತನಕ ಸಿಕ್ತಿತ್ತಲ್ರಾ!”

ಗಾಂವ್ಕರರು ಯೋಚಿಸಿದರು. “ಸಿಕ್ತಿತ್ತು,” ಎಂದರು, “ಆದರೆ ಭದ್ರ ಇರಲಿಲ್ಲ.”

ನಾಗಿ ತಂದಿದ್ದ ಕಳಲೆಯನ್ನು ಸೆರಗಿನೊಳಗೆ ಮರಳಿ ಹಾಕಿಕೊಂಡಳು. “ಇದ್ನೂ ಭದ್ರ ಮಾಡ್ತೆ ನಾನು,” ಎಂದವಳೇ ತಿರುಗಿ ಹೋದಳು. ಅವತ್ತಿನಿಂದ ಗಾಂವ್ಕರರ ಮನೆಗೆ ಕಳಲೆ ಬರಲಿಲ್ಲ, ಅಣಬೆ ಬರಲಿಲ್ಲ, ಊರಿನ ಸುದ್ದಿಯೂ ಬರಲಿಲ್ಲ. ಕೊನೆಯದರ ಕೊರತೆ ಸುಬ್ಬಲಕ್ಷ್ಮಿಯವರಿಗೆ ಹೆಚ್ಚು ತಟ್ಟಿತು.

“ಮನೆ ಹಿಂದೆ ಇಷ್ಟೆತ್ತರ ಕೆಸ ಇದ್ದು, ಆನು ಯಲ್ಲಾಪುರ ಸಂತೇಲಿ ಸೊಪ್ಪು ತಗಂಡು ಬರವು,” ಎಂದು ಅವರು ಗಂಡನ ತಟ್ಟೆಗೆ ಸೊಪ್ಪಿನ ಹುಳಿಯನ್ನು ಬೇಕೆಂದೇ ಎತ್ತರದಿಂದ ಸುರಿದರು. “ನಾಗಿ ಮಾತು ಬಿಟ್ಟು. ಆ ಎಲೆ ಯಾರ ಹೊಟ್ಟೆಗೆ ಹೋಗ್ತಾ ಇದ್ದು ಹೇಳಿ ನೋಡನ.”

“ಆಫ್ರಿಕಾ,” ಎಂದರು ಗಾಂವ್ಕರರು. ಅವರಿಗೆ ಬೇರೆ ಹೆಸರು ಹೊಳೆಯಲಿಲ್ಲ.

ಇಷ್ಟರಲ್ಲಿ ಬಚ್ಚಲಿಗೂ ಭದ್ರತೆ ಹಬ್ಬಿತು. ಗಟಾರದ ಬಾಯಿಗೆ ಮಿಣಮಿಣ ಮಿಂಚುವ ಒಂದು ಯಂತ್ರ ಕೂರಿಸಿದರು. ಎಷ್ಟು ನೀರು ಹರಿಯಿತೆಂದು ಅದು ಯಾವುದೋ ದೂರದೇಶಕ್ಕೆ ಚಾಡಿ ಹೇಳುತ್ತಿತ್ತು. ಸಾಬೂನು ಹಾಕಿದರೆ ಲೆಕ್ಕ ಕೆಡುತ್ತದೆಂದು ಸಾಬೂನು ಬಂದ್ ಆಯಿತು. ಮಳೆ ಬಿಡುವು ಕೊಟ್ಟ ದಿನ ಕಾವ್ಯಶ್ರೀಯ ಫೋನು ಬರುತ್ತಿತ್ತು: “ಸರ್, ನೀರು ಕಡಿಮೆ ತೋರಿಸ್ತಿದೆ. ಇನ್ನೊಂದು ಸಲ ಸ್ನಾನ ಮಾಡ್ತೀರಾ, ಪ್ಲೀಸ್?” ಗಾಂವ್ಕರರು ಮಾಡುತ್ತಿದ್ದರು. ಶೀತವಾಗಿ ಮೂಗು ಸೋರುವಾಗಲೂ ಮನುಕುಲಕ್ಕಾಗಿ ಮೀಯುತ್ತಿದ್ದರು.

“ಊರವ್ವು ಪಂಪು ಹಚ್ಚಿ ನೀರು ಹಾಯಿಸ್ತ,” ಎಂದು ಸುಬ್ಬಲಕ್ಷ್ಮಿ ಬಂದವರಿಗೆಲ್ಲ ಹೇಳುತ್ತಿದ್ದರು. “ನಮ್ಮನೆಯವ್ವು ಮಿಂದು ಹಾಯಿಸ್ತ.”

ಚೌತಿ ಕಳೆದ ಮೇಲೆ ದೊಡ್ಡ ಸುದ್ದಿ ಬಂತು. ನಾನಾ ದೇಶಗಳ ಪ್ರತಿನಿಧಿಗಳು ಮಂಚಿಕೇರಿ ಮಾದರಿಯನ್ನು ಕಣ್ಣಾರೆ ನೋಡಲು ಬರುತ್ತಾರೆ. ತಾಲೂಕಿನ ಸಾಹೇಬರು, ಹಾವೇರಿ ಕಡೆಯವರು, ತಾವೇ ಜೀಪು ಹತ್ತಿ ಓಡಿ ಬಂದರು. ಅವರು ಕೆಸುವನ್ನು ಅದುವರೆಗೆ ನೋಡಿರಲಿಲ್ಲ. ನೋಡುವ ಗೋಜಿಗೂ ಹೋಗಲಿಲ್ಲ.

“ಗಾಂವ್ಕರ್ರ, ನಮ್ಮ ತಾಲೂಕಿನ ಮರ್ಯಾದಿ ಈಗ ನಿಮ್ಮ ಬಚ್ಚಲದಾಗ ಐತ್ರಿ,” ಎಂದರು. “ಶಾಮಿಯಾನ, ಕುರ್ಚಿ, ಊಟದ ಭಾಂಡಿ ಎಲ್ಲಾ ನಿಮ್ಮವ ಆಗ್ಲಿ. ಕಾರ್ಯಕ್ರಮ ನಿಮ್ಮದೇ ಅಲ್ರೀ, ಬಾಡಿಗಿ ಮಾತು ಬ್ಯಾಡ.”

ಹೀಗೆ ಗಾಂವ್ಕರರು ಜೀವನದಲ್ಲಿ ಮೊದಲ ಸಲ ತಮ್ಮ ಶಾಮಿಯಾನದ ಕೆಳಗೆ ಕುಳಿತುಕೊಳ್ಳುವವರಾದರು. ಹಿಂದಿನ ಸಂಜೆ ತಾವೇ ನಿಂತು ಬಟ್ಟೆ ಕಟ್ಟಿಸಿದರು. ಬೇಲಿ ನೋಡಲು ಚೆನ್ನಾಗಿಲ್ಲವೆಂದು ಅದಕ್ಕೂ ಕೆಂಪು-ಹಳದಿ ಬಟ್ಟೆ ಸುತ್ತಿಸಿದರು. ಬೋರ್ಡು ಬಟ್ಟೆಯ ಹಿಂದೆ ಹೋಯಿತು. ಬೀಗ ತೆಗೆದಿಟ್ಟರು. ಬೆಳಿಗ್ಗೆ ಎದ್ದವರೇ ಕ್ಷೌರಕ್ಕೆ ಹೋದರು.

ಕ್ಷೌರ ಮುಗಿಸಿ ನುಣ್ಣನೆಯ ಗಲ್ಲ ಸವರುತ್ತ ಹಿತ್ತಲಿಗೆ ಬಂದರೆ, ಹಿತ್ತಲೂ ನುಣ್ಣಗಾಗಿತ್ತು.

ಕೆಸುವಿನ ಒಂದು ದಂಟೂ ಇರಲಿಲ್ಲ. ಗಟಾರದುದ್ದಕ್ಕೂ ಬ್ಲೀಚಿಂಗ್ ಪುಡಿ ಬೆಳ್ಳಗೆ ಹರಡಿತ್ತು. ಅಂಚಿನಲ್ಲಿ ಸಾಲಾಗಿ ಕ್ರೋಟನ್ ಗಿಡದ ಕುಂಡ. ನಡುವೆ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಹೆಂಗಾತ್ರಿ?” ಎಂದರು ಹೆಮ್ಮೆಯಿಂದ. “ಫಾರಿನ್ ಮಂದಿ ಬರೂ ಹೊತ್ತಿನ್ಯಾಗ ಗಟಾರದಾಗ ಏನ್ರೀ ಅದು ಕಾಡು! ಹುಡುಗರ್ನ ಕರಸಿ ಎಲ್ಲಾ ಕಡಿಸಿ ಟ್ರ್ಯಾಕ್ಟರಿಗೆ ಹೇರಿಸಿ ಕಳಿಸಿದೆ. ಎಲ್ಲೈತ್ರಿ ನಿಮ್ಮ ಬೆಳಿ? ಅದನ್ನ ತೋರಸ್ರಿ ಈಗ.”

ಗಾಂವ್ಕರರು ಬ್ಲೀಚಿಂಗ್ ಪುಡಿಯತ್ತ ಬೆರಳು ತೋರಿಸಿದರು. ಸಾಹೇಬರು ಬೆರಳನ್ನು ನೋಡಿದರು, ಪುಡಿಯನ್ನು ನೋಡಿದರು, ಬಟ್ಟೆ ಸರಿಸಿ ಬೋರ್ಡು ಓದಿದರು. ಅವರ ಮುಖವೂ ಪುಡಿಯ ಬಣ್ಣಕ್ಕೆ ಬಂತು.

“ಅಯ್ಯಯ್ಯ,” ಎಂದರು. “ನಂಗ ಇನ್ನೂ ಪೆನ್ಶನ್ ಬರೂದೈತ್ರಿ.”

ಗಾಂವ್ಕರರು ಒಳಗೋಡಿ ಹೆಂಡತಿಯ ಮುಂದೆ ನಿಂತರು. ಸುಬ್ಬಲಕ್ಷ್ಮಿ ತವರಿನಿಂದ ತರಿಸಿದ ಕೆಸುವಿನ ಎಲೆಗೆ ವಾಟೆಹುಳಿ ಹಾಕಿ ಅರೆದ ಹಿಟ್ಟು ಸವರುತ್ತ, ಅತಿಥಿಗಳಿಗೆಂದು ಪತ್ರೊಡೆ ಸುತ್ತುತ್ತಿದ್ದರು. ಅಡಿಗೆಮನೆಯಲ್ಲಿದ್ದ ಎಲೆಯೆಲ್ಲ ಅದಾಗಲೇ ಹಿಟ್ಟು ಮೆತ್ತಿಸಿಕೊಂಡು ಸುರುಳಿಯಾಗಿತ್ತು. “ಎನ್ನ ಕೇಳಡಿ, ನಾಗೀನ ಕೇಳಿ,” ಎಂದರು, ತಲೆಯೆತ್ತದೆ.

ನಾಗಿ ಅಂಗಳಕ್ಕೆ ಬಿದಿರು ಅಡ್ಡಹಾಕಿದ ದಣಪೆಯ ಹತ್ತಿರವೇ ಗಾಂವ್ಕರರನ್ನು ತಡೆದಳು.

“ಅಲ್ಲೇ ನಿಂತ್ಕಳಿ. ನಮ್ಮನೇಲಿ ಬೋರ್ಡಿಲ್ಲ, ಆದ್ರೂ ನಿಂತ್ಕಳಿ.”

ಗಾಂವ್ಕರರು ನಿಂತರು. ಇಸ್ತ್ರಿ ಮಾಡಿದ ಪಂಚೆಯಲ್ಲಿ, ಶಲ್ಯದಲ್ಲಿ, ಕಣ್ಣೀರು ಬರುವ ಸ್ಥಿತಿಯಲ್ಲಿ ನಿಂತರು. ನಡೆದದ್ದನ್ನೆಲ್ಲ ಹೇಳಿದರು. ನಾಗಿ ಕೇಳಿ ನಕ್ಕಳು. ನಗು ನಿಲ್ಲಿಸಲು ಬೀರ ಬಂದು ಬೆನ್ನು ತಟ್ಟಬೇಕಾಯಿತು.

“ಬೇಲಿ ತೆಗೀತ್ರಾ?” ಎಂದಳು ಕೊನೆಗೆ.

“ತೆಗೀತೇನೆ ಮಾರಾಯ್ತಿ. ದೇವರಾಣೆ.”

ನಾಗಿಯೂ ಬೀರನೂ ಹಳ್ಳದ ಅಂಚಿಗೆ ಹೋಗಿ ಹೊರೆಗಟ್ಟಲೆ ಎಲೆ ಕಡಿದು ತಂದರು. ಎಲೆ ಹಾಕುವಾಗ ಅವಳು ಸ್ಪಷ್ಟವಾಗಿಯೇ ಹೇಳಿದ್ದಳು: “ಇದು ಕಾಡಕೆಸ. ನೋಡೂಕೆ ಮಾತ್ರ. ತಿಂದ್ರೆ ಗಂಟಲು ಹರ್ಕಂಡು ಹೋತದೆ.” ಗಾಂವ್ಕರರಿಗೆ ‘ನೋಡೂಕೆ’ ಎಂಬಷ್ಟು ಕೇಳಿಸಿತು. ಅಷ್ಟರಲ್ಲಿ ರಸ್ತೆಯಲ್ಲಿ ಕಾರುಗಳ ಹಾರ್ನು ಕೇಳಿಸುತ್ತಿತ್ತು. ಸಾಹೇಬರು ಪ್ಯಾಂಟು ಮಡಚಿ ಗಟಾರಕ್ಕೆ ಇಳಿದು, ಮದುವೆಮನೆಯಲ್ಲಿ ಊದುಬತ್ತಿ ಚುಚ್ಚಿದ ಹಾಗೆ ಎಲೆಗಳನ್ನು ಕೆಸರಿಗೆ ಚುಚ್ಚಿದರು.

ಪ್ರತಿನಿಧಿಗಳು ಬಂದು ಬೆರಗಾಗಿ ನೋಡಿದರು. ಆ ದಿನ ಮಳೆ ಕೈಕೊಟ್ಟು ಬಿಸಿಲು ಚುರುಚುರು ಹೊಡೆಯುತ್ತಿತ್ತು. ಡಾಕ್ಟರ್ ಇಂಗ್ರಿಡ್ ಭಾಷಣ ಶುರುಮಾಡುವಾಗ ನೆಟ್ಟಗಿದ್ದ ಎಲೆಗಳು, ಅವರು ‘ಎಂಥ ಹವಾಮಾನವನ್ನೂ ತಾಳಿಕೊಳ್ಳುವ’ ಎಂಬ ಮಾತಿಗೆ ಬರುವಷ್ಟರಲ್ಲಿ ಜೋಲತೊಡಗಿದ್ದವು. ಒಂದು ಎಲೆ ಸೀದಾ ಮಲಗಿತು. ಗಾಂವ್ಕರರು ಅದರ ಮುಂದೆ ಹೋಗಿ ನಿಂತರು. ಇನ್ನೊಂದು ಮಲಗಿತು. ಸಾಹೇಬರು ಅದರ ಮುಂದೆ ನಿಂತರು. ಮಲಗುವ ಎಲೆಗಳು ಹೆಚ್ಚಾದವು, ನಿಲ್ಲುವ ಜನ ಸಾಲದಾದರು. ಅಷ್ಟರಲ್ಲಿ ಪುಣ್ಯಕ್ಕೆ ಭಾಷಣ ಮುಗಿಯಿತು.

ಪುಣ್ಯ ಅಲ್ಲಿಗೇ ತೀರಿತು. ಇದೇ ತಾಕಿನ ಎಲೆಯನ್ನು ಈಗಲೇ ಕೊಯ್ದು, ಹುಳಿ ಖಾರ ಏನೂ ಹಾಕದೆ, ಬರೀ ಹಬೆಯಲ್ಲಿ ಬೇಯಿಸಿ ಕೊಡಬೇಕು. ನೆಲದ ನಿಜವಾದ ರುಚಿ ತಿಳಿಯಬೇಕು ಎಂದರು ಡಾಕ್ಟರ್ ಇಂಗ್ರಿಡ್. ಸುಬ್ಬಲಕ್ಷ್ಮಿ ತಮ್ಮ ಪತ್ರೊಡೆಯ ತಟ್ಟೆ ಮುಂದಿಟ್ಟರು. ಅದರಲ್ಲಿ ಹುಳಿ ಇದೆಯೆಂದು ಅದನ್ನು ಪಕ್ಕಕ್ಕೆ ಸರಿಸಲಾಯಿತು. ಸಾಹೇಬರೇ ಓಡಿ ಎಲೆ ಕಿತ್ತು ತಂದರು. ಬೇರಿಲ್ಲದ್ದರಿಂದ ಅದು ಬಹಳ ಸುಲಭವಾಗಿ ಬಂತು.

ಬೆಂದ ಎಲೆ ತಟ್ಟೆಗಳಿಗೆ ಬಿತ್ತು. ಎಲ್ಲರೂ ಚಮಚೆ ಎತ್ತಿದರು. ಆಗ ಶಾಮಿಯಾನದ ಹಿಂಬದಿಯಿಂದ ನಾಗಿ ಎರಡೂ ಕೈ ಆಡಿಸುತ್ತ ಕೂಗಿದಳು: “ಯೇ, ತಿನ್ಬೇಡ್ರಾ! ಅದ್ನ ತಿನ್ಬೇಡ್ರಾ!”

ಡಾಕ್ಟರ್ ಇಂಗ್ರಿಡ್ ಕಾವ್ಯಶ್ರೀಯ ಮುಖ ನೋಡಿದರು. ಕಾವ್ಯಶ್ರೀಗೆ ಆ ಗದ್ದಲದಲ್ಲಿ ‘ತಿನ್’ ಎಂಬಷ್ಟೇ ಕಿವಿಗೆ ಬಿದ್ದಿತ್ತು. ಸ್ಥಳೀಯ ಮಹಿಳೆಯರು ಸಂಪ್ರದಾಯದಂತೆ ಅತಿಥಿಗಳಿಗೆ ಉಪಚಾರ ಹೇಳುತ್ತಿದ್ದಾರೆ ಎಂದು ಅವಳು ತಿಳಿಸಿದಳು. ಪ್ರತಿನಿಧಿಗಳು ನಾಗಿಯ ಕಡೆ ತಿರುಗಿ ಕೈಮುಗಿದು, ಬಾಯಿತುಂಬ ಹಾಕಿಕೊಂಡರು. ಮಾದರಿ ಕೃಷಿಕರೆಂದು ಗಾಂವ್ಕರರೂ ಹಾಕಿಕೊಳ್ಳಬೇಕಾಯಿತು. ಯಾವುದೋ ಸಾಗರದ್ವೀಪದಿಂದ ಬಂದ ಒಬ್ಬ ಮುದುಕ ಮಾತ್ರ ಎಲೆಯನ್ನು ನೋಡಿ, ತಟ್ಟೆಯನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿ ಬಾಳೆಹಣ್ಣು ಸುಲಿಯತೊಡಗಿದ.

ಮುಂದೆ ನಡೆದದ್ದಕ್ಕೆ ಮಾತು ಬೇಕಾಗಿಲ್ಲ. ಯಾರಿಗೂ ಮಾತು ಬರುತ್ತಲೂ ಇರಲಿಲ್ಲ. ನಾನಾ ಖಂಡಗಳ ಗಂಟಲುಗಳು ಭೇದಭಾವವಿಲ್ಲದೆ ತುರಿಸಿದವು. ಒಬ್ಬರು ನಾಲಿಗೆ ಹೊರಹಾಕಿ ಅದನ್ನು ಕರವಸ್ತ್ರದಿಂದ ಉಜ್ಜುತ್ತಿದ್ದರು. ಇನ್ನೊಬ್ಬರು ಶಾಮಿಯಾನದ ಕಂಬಕ್ಕೆ ಕತ್ತು ತಿಕ್ಕುತ್ತಿದ್ದರು. ಡಾಕ್ಟರ್ ಇಂಗ್ರಿಡ್ ಕಣ್ಣು ಕೆಂಪಾಗಿಸಿಕೊಂಡು ‘ಹೂಹ್ ಹೂಹ್’ ಎನ್ನುತ್ತಿದ್ದರು, ಅದನ್ನು ಕನ್ನಡಕ್ಕೆ ತರುವ ಶಕ್ತಿ ಕಾವ್ಯಶ್ರೀಗೂ ಉಳಿದಿರಲಿಲ್ಲ. ಸುಬ್ಬಲಕ್ಷ್ಮಿ ಮತ್ತು ನಾಗಿ ಹುಣಸೆಹಣ್ಣು, ಬೆಲ್ಲ, ಹುಳಿ ಮಜ್ಜಿಗೆ ಹಿಡಿದು ಸಾಲಿನುದ್ದಕ್ಕೂ ಬಾಯಿಂದ ಬಾಯಿಗೆ ಓಡಿದರು. ತಿಂಗಳುಗಟ್ಟಲೆ ಮಾತು ಬಿಟ್ಟಿದ್ದ ಆ ಇಬ್ಬರೂ ಆ ಓಟದ ನಡುವೆ, “ಆ ಕೆಂಪು ಅಂಗಿಯವಂಗೆ ಇನ್ನೊಂದು ಲೋಟ ಕೊಡೇ,” “ಇಂವ ಸಾಯೂದಿಲ್ಲ, ಆಚೆಯವ್ನ ನೋಡಿ ಅಮ್ಮಾ,” ಎಂದು ಮಾತಾಡಿಕೊಂಡುಬಿಟ್ಟರು. ಜಾಗತಿಕ ಸಮ್ಮೇಳನದಿಂದ ಮಂಚಿಕೇರಿಗೆ ಆದ ಒಳ್ಳೆಯದು ಅದೊಂದೇ.

ಕಾರುಗಳು ಹೋದವು. ಅದೇ ಸಂಜೆ ಗಾಂವ್ಕರರು ಬೇಲಿ ಕಿತ್ತರು. ಸಾಹೇಬರು ಯಂತ್ರವನ್ನು ಒಂದು ಚೀಲದಲ್ಲಿ ಕಟ್ಟಿ ಕಣ್ಣಿಗೆ ಕಾಣದಲ್ಲಿ ಇಟ್ಟರು. ಗಾಂವ್ಕರರು ಮೈತುಂಬ ಸಾಬೂನು ಹಚ್ಚಿ ಸ್ನಾನ ಮಾಡಿದರು. ಬ್ಲೀಚಿಂಗ್ ಪುಡಿಗೆ ಮಳೆ ಬಿದ್ದು ಅದು ಕೊಚ್ಚಿ ಹೋಯಿತು, ಕೆಸರಿನೊಳಗಿನ ಗಡ್ಡೆಗಳು ಏನೂ ಆಗಿಲ್ಲವೆಂಬಂತೆ ಮತ್ತೆ ಚಿಗುರಿದವು. ನವರಾತ್ರಿಯ ಹೊತ್ತಿಗೆ ಎಲೆಗಳು ಮೊದಲಿನ ಅಗಲಕ್ಕೆ ಬಂದಿದ್ದವು. ನಾಗಿ ಬಂದು ಕೊಯ್ದುಕೊಂಡು ಹೋದಳು. ಸುಬ್ಬಲಕ್ಷ್ಮಿಗೆ ಬಾಕಿ ಉಳಿದಿದ್ದ ಸುದ್ದಿಯೆಲ್ಲ ಬಂದು ಮುಟ್ಟಿತು.

ಆದರೆ ಸಂಸ್ಥೆಗಳು ಒಮ್ಮೆ ಹಿಡಿದವರನ್ನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮಂಚಿಕೇರಿಯಿಂದ ಗಂಟಲು ಹಿಡಿದುಕೊಂಡು ಹೋದ ಗ್ಲೋಬಲ್ ಪ್ಲೇಟ್, ತನ್ನ ಕಣ್ಣೆದುರೇ ಬೆಳೆ ಮಲಗಿದ್ದನ್ನು ಮರೆತಿರಲಿಲ್ಲ. ಹವಾಮಾನ ವೈಪರೀತ್ಯದಿಂದ ಬೆಳೆ ಪೂರ್ತಿ ನಾಶವಾಗಿದೆ, ಉಳಿದದ್ದು ವಿಷವಾಗಿದೆ, ಅಲ್ಲಿನ ಜನ ತಿನ್ನಲಿಲ್ಲದೆ ಅದನ್ನೇ ತಿನ್ನುತ್ತಿದ್ದಾರೆ ಎಂದು ತೀರ್ಮಾನವಾಯಿತು. ಬೇಸಿಗೆಯಲ್ಲಿ ಯಾರಿಗೂ ಗೊತ್ತಿಲ್ಲದಿದ್ದ ಮಂಚಿಕೇರಿ ಮಳೆಗಾಲದಲ್ಲಿ ಜಗತ್ತಿಗೇ ಮಾದರಿಯಾಗಿ, ದೀಪಾವಳಿಯೊಳಗೆ ಕ್ಷಾಮಪೀಡಿತ ಪ್ರದೇಶವಾಯಿತು. ಪರಿಹಾರದ ಆಹಾರ ಹೊತ್ತ ಲಾರಿ ಹೊರಟಿದೆ ಎಂದು ಕಾವ್ಯಶ್ರೀಯ ಫೋನು ಬಂತು.

“ಶಾಮಿಯಾನ ನಿಮ್ಮದೇ ಅಲ್ವಾ ಸರ್?” ಎಂದಳು.

ಹಂಚುವ ದಿನ ಊರು ಸೇರಿತು. ಯಾರಿಗೂ ಹಸಿವಿರಲಿಲ್ಲ, ಕುತೂಹಲ ಇತ್ತು. ಸಿದ್ದಾಪುರದಿಂದ ಆನಂದ ಹೆಗಡೆಯವರು ಅದಕ್ಕೆಂದೇ ಬಸ್ಸು ಹಿಡಿದು ಬಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಲಾರಿ ಬೆಳಿಗ್ಗೆಯೇ ಬರಬೇಕಿತ್ತು. ಅರಬೈಲ್ ಘಟ್ಟದಲ್ಲಿ ಯಾವುದೋ ಟ್ಯಾಂಕರ್ ಅಡ್ಡ ಬಿದ್ದು, ಅದರ ಹಿಂದೆ ಸಿಕ್ಕಿಬಿದ್ದ ಪರಿಹಾರವು ಮಧ್ಯಾಹ್ನ ತಿರುಗಿದ ಮೇಲೆ ಬಂತು. ಕಾಯ್ದು ಕಾಯ್ದು ಬೇಸತ್ತ ಊರವರೆಲ್ಲ ಮನೆಗೆ ಹೋಗಿ ಉಂಡು, ಎಲೆಯಡಿಕೆ ಹಾಕಿಕೊಂಡು ಮತ್ತೆ ಬಂದು ಕುಳಿತಿದ್ದರು. ಗಾಂವ್ಕರರ ಮನೆಯಲ್ಲಿ ಅವತ್ತು ಪತ್ರೊಡೆ. ಭಾವನಿಗೆ ಪೈಪೋಟಿ ಕೊಟ್ಟು ಅವರು ಸ್ವಲ್ಪ ಹೆಚ್ಚೇ ತಿಂದಿದ್ದರು.

ಲಾರಿಯಿಂದ ಇಳಿದ ಕಾವ್ಯಶ್ರೀ, ಘಟ್ಟದ ಕೆಳಗಿನಿಂದಲೇ ಜೊತೆಗೆ ಬಂದಿದ್ದ ಸಾಹೇಬರು, ಡ್ರೈವರು, ಫೋಟೋದವನು ಎಲ್ಲರ ಮುಖ ಒಣಗಿತ್ತು. ಪೊಟ್ಟಣದ ಮೊದಲ ಪೆಟ್ಟಿಗೆ ಒಡೆದರು. ನಾಗಿ ಒಂದು ಪೊಟ್ಟಣ ಹರಿದು ಮೂಸಿದಳು.

“ಎಂತದ್ರಾ ಇದು?”

“ಪೌಷ್ಟಿಕ ಹಿಟ್ಟು,” ಎಂದಳು ಕಾವ್ಯಶ್ರೀ. “ದೂರದ ದ್ವೀಪದಿಂದ ಬಂದಿದ್ದು. ಅಲ್ಲಿ ಒಂದು ಗಡ್ಡೆ ಬೆಳೀತಾರೆ, ದೊಡ್ಡ ದೊಡ್ಡ ಹಸಿರು ಎಲೆ ಇರುತ್ತೆ, ನೀರಿರೋ ಕಡೆ ಬರುತ್ತೆ...”

ಹೇಳುತ್ತ ಹೇಳುತ್ತ ಅವಳ ಕಣ್ಣು ಗಾಂವ್ಕರರ ಹಿತ್ತಲಿನ ಕಡೆ ಹೋಯಿತು. ಅವಳು ಮಾತನ್ನು ಅಲ್ಲಿಗೇ ನಿಲ್ಲಿಸಿ ಗಾಂವ್ಕರರ ಕೈಗೆ ಮೈಕು ಕೊಟ್ಟಳು.

“ಸರ್, ನೀವೇ ಮೊದಲನೇ ಫಲಾನುಭವಿ. ಮುಖ ಸ್ವಲ್ಪ ಬಾಡಿಸ್ಕೊಳ್ಳಿ. ಊಟಕ್ಕೆ ತುಂಬ ಕಷ್ಟ ಆಗಿದೆ ಅಂತ ಎರಡು ಮಾತು ಹೇಳಿ ಸಾಕು.”

ಗಾಂವ್ಕರರು ಸಭೆಯನ್ನು ನೋಡಿದರು. ಮುಂದಿನ ಸಾಲಿನಲ್ಲಿ ಆನಂದ ಹೆಗಡೆಯವರು ಕಾಲು ಇಳಿಸಿ, ಮೈ ಮುಂದಕ್ಕೆ ಬಾಗಿಸಿ, ಷಡ್ಡಕ ಭಿಕ್ಷೆ ಬೇಡುವುದನ್ನು ಕೇಳಲು ಸಜ್ಜಾಗಿದ್ದರು. ಇತ್ತ ಸಾಹೇಬರು ಕಣ್ಣಲ್ಲೇ ಗೋಗರೆಯುತ್ತಿದ್ದರು. ಒಪ್ಪಿಕೊಂಡರೆ ಮಾನ ಹೋಗುತ್ತದೆ, ಒಪ್ಪದಿದ್ದರೆ ಇಷ್ಟು ದಿನ ಹೇಳಿದ್ದೆಲ್ಲ ಏನೆಂದು ಜನ ಕೇಳುತ್ತಾರೆ. ಗಾಂವ್ಕರರು ಮೈಕನ್ನು ಬಾಯಿಯ ಹತ್ತಿರ ತಂದು, “ನಮ್ಮ ಮನೇಲಿ ಉಣ್ಣಲಿಕ್ಕೆ...” ಎಂದು ಶುರುಮಾಡಿದರು.

ಆಗ ಪತ್ರೊಡೆ ಮಾತಾಡಿತು.

ಹೊಟ್ಟೆಯ ಆಳದಿಂದ ಎದ್ದ ಆ ತೇಗು ಮೈಕಿನ ಮೂಲಕ ಮಂಚಿಕೇರಿ ಪೇಟೆಯವರೆಗೂ ಹೋಯಿತು. ಗೋದಾಮಿನ ಮೇಲಿದ್ದ ಪಾರಿವಾಳಗಳು ಹಾರಿದವು. ಮೊದಲು ನಕ್ಕವಳು ನಾಗಿ. ಆಮೇಲೆ ಶಾಮಿಯಾನಕ್ಕೆ ಶಾಮಿಯಾನವೇ ನಕ್ಕಿತು. ಆನಂದ ಹೆಗಡೆಯವರು ನಗಲು ಬಾಯಿ ತೆರೆದರು; ಅವರಿಗೂ ಒಂದು ತೇಗು ಬಂತು.

ಗಾಂವ್ಕರರಿಗೂ ನಗು ತಡೆಯಲಿಲ್ಲ. ಮೈಕಿನಲ್ಲೇ ಹೇಳಿದರು: “ನಮಗೆ ಊಟಕ್ಕೆ ಎಂತ ಕಷ್ಟವೂ ಇಲ್ಲ ತಂಗೀ. ಆ ಕೆಸ ಬೆಳೆಸಿದ್ದೂ ನಾನಲ್ಲ, ಅದು ತಾನೇ ಬಂದದ್ದು. ನನ್ನದು ಶಾಮಿಯಾನ. ನೀವು ಬೆಳಿಗ್ಗೆ ಎಂತ ತಿಂದಿದ್ರಿ?”

ಕಾವ್ಯಶ್ರೀ ತಬ್ಬಿಬ್ಬಾದಳು. “ಏನಿಲ್ಲ ಸರ್. ಘಟ್ಟದಲ್ಲಿ ಏನೂ ಸಿಗಲಿಲ್ಲ.”

“ಈ ಲಾರಿ ತುಂಬ ಹಿಟ್ಟು ಉಂಟಲ್ಲ?”

“ಅದು ಬೇಯಿಸ್ಬೇಕು ಸರ್.” ಅವಳ ದನಿ ಸಣ್ಣಗಾಯಿತು. “ಮತ್ತೆ... ಚೆನ್ನಾಗಿಲ್ಲ.”

ಒಳಗಿನಿಂದ ಸುಬ್ಬಲಕ್ಷ್ಮಿಯವರು ಆಗಲೇ ಬಾಳೆಲೆ ಹಾಕಿಸುತ್ತಿದ್ದರು. ನಾಗಿ ನೀರು ತಂದಿಟ್ಟಳು. ಡ್ರೈವರು ಕೈ ತೊಳೆಯುವುದನ್ನೂ ಮರೆತು ಕುಳಿತ, ಸಾಹೇಬರು ಅವನ ಪಕ್ಕ. ಪತ್ರೊಡೆಯ ಹೋಳು ಎಲೆಗೆ ಬೀಳುವುದೊಂದು, ಮಾಯವಾಗುವುದೊಂದು. ಮೇಲಿಂದ ತೆಂಗಿನೆಣ್ಣೆ ಸುರಿದರು, ಬೆಲ್ಲ ಇಟ್ಟರು. ಆನಂದ ಹೆಗಡೆಯವರೂ ಪಂಚೆ ಸಿಕ್ಕಿಸಿ ಬಡಿಸಲು ನಿಂತರು. ಬಂದವರ ಹಸಿವು ಅಂಥದ್ದು, ನೋಡಿದವರ ಕರುಳು ಚುರ್ ಅನ್ನುವಂಥದ್ದು.

ಫೋಟೋದವನು ಉಂಡು ಮುಗಿಸಿದ ಮೇಲೆ ಕೆಲಸ ನೆನಪಾಗಿ ಕ್ಯಾಮೆರಾ ಎತ್ತಿದ. ಪರಿಹಾರ ಪಡೆದ ಹಸಿದವರು ಉಣ್ಣುವ ಒಂದು ಚಿತ್ರವಾದರೂ ಇವತ್ತೇ ಕಳಿಸಬೇಕಿತ್ತು. ಕಾವ್ಯಶ್ರೀ ಬೆರಳು ನೆಕ್ಕಿಕೊಳ್ಳುತ್ತ ಅವನು ತೆಗೆದದ್ದನ್ನೆಲ್ಲ ನೋಡಿದಳು. ಊರವರು ಬಂದ ಚಿತ್ರಗಳು ಯಾವುದಕ್ಕೂ ಬರುವಂತಿರಲಿಲ್ಲ. ಎಲ್ಲರೂ ಹೊಟ್ಟೆ ಸವರಿಕೊಂಡು ನಗುತ್ತಿದ್ದರು. ಕೊನೆಗೆ ಒಂದು ಸಿಕ್ಕಿತು. ಗಟಾರ, ಘಟ್ಟ ಎಲ್ಲ ದಾಟಿ ಬಂದ ಕೆದರಿದ ತಲೆ, ಮುಚ್ಚಿದ ಕಣ್ಣು, ಉಬ್ಬಿದ ಎರಡೂ ಗಲ್ಲ, ಮುಂದಿನ ಹೋಳಿಗೆ ಚಾಚಿದ ಕೈ. ಹಸಿವು ಬಹಳ ಚೆನ್ನಾಗಿ ಬಂದಿತ್ತು.

ಅವಳು ಅದನ್ನೇ ವಿದೇಶಕ್ಕೆ ಕಳಿಸಿದಳು.

ಚಿತ್ರದಲ್ಲಿದ್ದ ಸಾಹೇಬರಿಗೆ ಇದು ಗೊತ್ತಾಗಲಿಲ್ಲ. ಅವರು ಎಲೆಯ ಮೇಲಿನ ಎಣ್ಣೆಯನ್ನು ಬೆರಳಲ್ಲಿ ಬಳಿಯುತ್ತ, “ಅಮ್ಮಾರ, ಇನ್ನೊಂದು ಹಾಕ್ರಿ,” ಎಂದರು.

ಸುಬ್ಬಲಕ್ಷ್ಮಿ ಎರಡು ಹಾಕಿದರು.